ಮೂರನೆಯ ಪ್ಯಾರಾ

ಗಂಡನ ಸಮಾರಾಧನೆಯ ಮರುದಿನ ನಲ್ಲಿಯ ನೀರು ಎಂದಿನಂತೆ ಐದೂವರೆಗೇ ಬಂತು. ಶ್ರೀವಾಣಿ ಎರಡು ಕೊಡ, ಒಂದು ಹಂಡೆ ತುಂಬಿಟ್ಟಳು. ನೆಂಟರೆಲ್ಲ ಹಿಂದಿನ ಸಂಜೆಯ ಗಾಡಿಗೇ ವಾಡಿಯ ಕಡೆ ಹೊರಟುಹೋಗಿದ್ದರು. ಅಡಿಗೆಯವರು ಬಿಟ್ಟುಹೋದ ಎಣ್ಣೆಯ ಜಿಡ್ಡು ಮಾತ್ರ ಅಂಗಳದ ಫರ್ಸಿ ಕಲ್ಲುಗಳ ಮೇಲೆ ಉಳಿದಿತ್ತು. ಸೋಡಾಪುಡಿ ಚೆಲ್ಲಿ, ಮಂಡಿಯೂರಿ ತಿಕ್ಕಿದಳು. ಹದಿಮೂರು ದಿನ ಎಲ್ಲರೂ ಅವಳಿಗೆ ಕೂತುಕೋ, ಕೂತುಕೋ ಎಂದಿದ್ದರು. ಇವತ್ತು ಯಾರೂ ಹಾಗೆ ಹೇಳಲಿಲ್ಲ.

ಅತ್ತೆ ಲೀಲಾಬಾಯಿ ಮೊರದಲ್ಲಿ ತೊಗರಿಬೇಳೆ ಹಸನು ಮಾಡುತ್ತಿದ್ದರು. ಶಹಾಬಾದಿನ ಹೈಸ್ಕೂಲಿನಲ್ಲಿ ಮೂವತ್ತು ವರ್ಷ ಕನ್ನಡ ಕಲಿಸಿ ನಿವೃತ್ತರಾದ ಮಾವ ವಾಸುದೇವ ಕಂಬಕ್ಕೆ ಒರಗಿ ಪೇಪರು ಹಿಡಿದಿದ್ದರು, ಪುಟ ತಿರುವುತ್ತಿರಲಿಲ್ಲ. ಮೈದುನ ವಿಠ್ಠಲ್ ಬಂದು ಕಟ್ಟೆಯ ಮೇಲೆ ಕೂತ. ಅಣ್ಣನ ಕ್ರಿಯೆಗೆಂದು ಬೋಳಿಸಿದ ತಲೆಯಲ್ಲಿ ಕೂದಲು ಆಗಲೇ ಚಿಗುರಿತ್ತು. ಆರಡಿ ಎತ್ತರದ ಆಳು. ಕೂರುವಾಗ ಎಡಗೈ ಊರಿ, ಬೆನ್ನು ಬಗ್ಗಿಸದೆ, ತುಂಬಿದ ಕೊಡ ಇಳಿಸುವ ಹಾಗೆ ತನ್ನ ಮೈಯನ್ನು ತಾನೇ ಇಳಿಸಿಕೊಂಡ.

"ವೈನಿ, ಚಹಾ ಆಯ್ತೇನ್ರಿ?"

"ಆಗ್ತದ. ನೋವು ಕಾಲಿಗಿಳದದೇನು?"

"ಇಲ್ಲ. ಸೊಂಟದಾಗ ಅಷ್ಟೇ."

"ಎಡಗಾಲ ಎಳಕೋತ ಬಂದಿ, ನೋಡೀನಿ."

"ಬೆಳಗಾಗೂದ್ರಾಗ ಶುರು ಮಾಡಬ್ಯಾಡ ವಾಣಿ," ಎಂದರು ಲೀಲಾಬಾಯಿ ಮೊರದಿಂದ ಕಣ್ಣೆತ್ತದೆ. "ಮೊದಲ ಚಹಾ ಕೊಡು."

ವಿಠ್ಠಲ್ ಫಾಸ್ಟ್ ಬೌಲರ್. ವಾಡಿಯ ಆಚೆಗಿನ ಸಿಮೆಂಟ್ ಕಾರ್ಖಾನೆಯೊಂದು ಸಾಕಿದ ಕ್ರಿಕೆಟ್ ತಂಡದಲ್ಲಿ ಆಡುತ್ತಿದ್ದ. ಆ ತಂಡದವರಿಗೆ ಆಟವೇ ನೌಕರಿ. ವರ್ಷದ ಕರಾರು, ತಿಂಗಳ ಸಂಬಳ, ಹೈದರಾಬಾದ್ ಸೊಲ್ಲಾಪುರಗಳ ಪಂದ್ಯಗಳು. ಕರಾರು ಮುಂದುವರಿಯಬೇಕಾದರೆ ಪ್ರತಿ ಏಪ್ರಿಲ್‌ನಲ್ಲಿ ಫಿಟ್‌ನೆಸ್ ಪರೀಕ್ಷೆ ಪಾಸಾಗಬೇಕು. ಶ್ರೀವಾಣಿಯ ಗಂಡ ಧೀರೇಂದ್ರ ಅದೇ ತಂಡಕ್ಕೆ ಮೂರು ವರ್ಷ ಟ್ರೇನರ್ ಆಗಿದ್ದ. ಯಾರು ಎಷ್ಟು ಓಡಬೇಕು, ಎಷ್ಟು ಭಾರ ಎತ್ತಬೇಕು, ಯಾವ ಬೌಲರ್ ವಾರಕ್ಕೆ ಎಷ್ಟು ಚೆಂಡು ಹಾಕಬೇಕು, ಯಾರನ್ನು ಯಾವಾಗ ಮಲಗಿಸಬೇಕು ಎಂದು ನಿರ್ಧರಿಸುವುದು ಅವನ ಕೆಲಸ. ಊರವರು ಕಸರತ್ತಿನ ಮಾಸ್ತರ ಎನ್ನುತ್ತಿದ್ದರು. ಗುಲಬರ್ಗಾ ವಿಶ್ವವಿದ್ಯಾಲಯದಲ್ಲಿ ದೈಹಿಕ ಶಿಕ್ಷಣದ ಎಂ.ಪಿ.ಎಡ್. ಮಾಡಿದ ಶ್ರೀವಾಣಿಯೇ ಅವನ ಚಾರ್ಟುಗಳನ್ನೆಲ್ಲ ಬರೆದುಕೊಡುತ್ತಿದ್ದಳು.

ಹಿಂದಿನ ದೀಪಾವಳಿಯ ಹೊತ್ತಿಗೆ ವಿಠ್ಠಲನ ಬೆನ್ನುಮೂಳೆಯಲ್ಲಿ ನೋವು ಕಾಣಿಸಿತು. ಆರು ವಾರ ಚೆಂಡು ಮುಟ್ಟಬಾರದು ಎಂದು ಧೀರೇಂದ್ರ ಬರೆದ. ಫೈನಲ್ ಹತ್ತಿರವಿತ್ತು; ಬೆನ್ನು ಕೆಟ್ಟ ಬೌಲರನನ್ನು ಕೈಬಿಡುತ್ತೇವೆ ಎಂದು ಮ್ಯಾನೇಜರು ಸೂಚನೆ ಕೊಟ್ಟರು. ಎರಡು ದಿನಕ್ಕೆ ವಿಠ್ಠಲನ ಕೈಬರಹದ ಪತ್ರವೊಂದು ಆಫೀಸಿಗೆ ಹೋಯಿತು. ತನ್ನ ಬೆನ್ನು ಕೆಟ್ಟದ್ದೇ ಅಣ್ಣನ ತಪ್ಪು ಕಸರತ್ತಿನಿಂದ; ಈಗ ವಾಸಿಯಾಗಿದ್ದರೂ ಅವನು ಹೊಟ್ಟೆಕಿಚ್ಚಿನಿಂದ ತನ್ನನ್ನು ಆಡಿಸುತ್ತಿಲ್ಲ ಎಂದು. ಆಫೀಸು ಅಣ್ಣನನ್ನು ತೆಗೆದುಹಾಕಿತು, ಆದೇಶದ ಜೊತೆ ಆ ಪತ್ರದ ಪ್ರತಿಯನ್ನೂ ಕಳಿಸಿತು. ತಮ್ಮ ನೋವು ಕಾಣದ ಹಾಗೆ ಸೂಜಿ ಚುಚ್ಚಿಸಿಕೊಂಡು ಫೈನಲ್ ಆಡಿದ. ಧೀರೇಂದ್ರನಿಗೆ ಮುಂದೆ ಯಾವ ತಂಡವೂ ಕೆಲಸ ಕೊಡಲಿಲ್ಲ. ಸೇಡಮಿನ ಒಂದು ಖಾಸಗಿ ಶಾಲೆಯಲ್ಲಿ ಮಕ್ಕಳಿಗೆ ಡ್ರಿಲ್ ಮಾಡಿಸಲು ದಿನಾ ಬೈಕಿನ ಮೇಲೆ ಹೋಗಿ ಬರುತ್ತಿದ್ದ. ಫೆಬ್ರವರಿಯ ಕೊನೆಯಲ್ಲಿ ಫರ್ಸಿ ತುಂಬಿದ ಲಾರಿಯೊಂದು ಅವನನ್ನು ಆ ರಸ್ತೆಯಲ್ಲಿ ಉರುಳಿಸಿಹೋಯಿತು. ಅದು ಎರಡು ಸಾವಿರದ ಮೂರನೆಯ ಇಸವಿ.

ಪತ್ರದ ಮಾತನ್ನು ಮನೆಯಲ್ಲಿ ಯಾರೂ ಎತ್ತುತ್ತಿರಲಿಲ್ಲ. ಶ್ರೀವಾಣಿ ಒಮ್ಮೆ ಎತ್ತಿದಾಗ ಧೀರೇಂದ್ರ, "ಇರಲಿ ಬಿಡು, ಉಣ್ಣೂ ಹೊತ್ತಿನಾಗ ಬ್ಯಾಡ," ಎಂದಿದ್ದ.

ವಾಸುದೇವ ಪೇಪರು ಮಡಿಚಿದರು. "ವಾಣಿ, ಪರೀಕ್ಷಾಕ್ಕ ಐದು ವಾರ ಉಳದಾವ. ಹೊಸಾ ಟ್ರೇನರು ಹೈದರಾಬಾದಿನವ, ಅವತ್ತೇ ಬರ್ತಾನಂತ. ಇವನ್ನ ತಯಾರ ಮಾಡ್ಲಿಕ್ಕೆ ಯಾರೂ ಇಲ್ಲ. ನಿನಗ ಎಲ್ಲಾ ಗೊತ್ತದ."

"ಮನ್ಯಾಗ ಇನ್ನ ದುಡಿಯಾಂವ ಇವನೊಬ್ಬನೇ," ಎಂದರು ಲೀಲಾಬಾಯಿ.

"ಮಾಡ್ತೀನ್ರಿ," ಎಂದಳು ಶ್ರೀವಾಣಿ.

ಅಷ್ಟು ಬೇಗ ಒಪ್ಪುತ್ತಾಳೆಂದು ಯಾರೂ ಎಣಿಸಿರಲಿಲ್ಲ. ವಿಠ್ಠಲ್ ಮೊದಲ ಸಲ ತಲೆಯೆತ್ತಿ ಅವಳ ಮುಖ ನೋಡಿದ.

*

ಮಾರನೆಯ ದಿನ ಹನ್ನೆರಡು ಗಂಟೆಗೆ ಅವಳು ಅವನನ್ನು ಊರಾಚೆಯ ಹಾಳು ಖಣಿಗೆ ಕರೆದೊಯ್ದಳು. ಕಲ್ಲು ತೆಗೆದು ಬಿಟ್ಟ ಹೊಂಡ. ಲಾರಿಗಳು ಹತ್ತಿಳಿಯುತ್ತಿದ್ದ ಏರುದಾರಿ ಬಿಸಿಲಿಗೆ ಬೆಳ್ಳಗೆ ಕಾದಿತ್ತು. ಹಳೆಯ ಟಾಯರೊಂದು ಅಲ್ಲೇ ಬಿದ್ದಿತ್ತು. ಅವಳು ಚೀಲದಿಂದ ಒಂದು ಕಾಗದ ತೆಗೆದು ಓದಿದಳು.

"'ನೋವಿದೆ ಎಂದು ಕೈಮುಗಿದು ಬೇಡಿಕೊಂಡರೂ ಕೇಳದೆ, ಉರಿಬಿಸಿಲಿನಲ್ಲಿ ಸೊಂಟಕ್ಕೆ ಟಾಯರು ಕಟ್ಟಿ, ಖಣಿಯ ಏರನ್ನು ಇಪ್ಪತ್ತು ಸಲ ಹತ್ತಿಸಿದರು.' ಇದು ಮೊದಲನೇ ಪ್ಯಾರಾ. ಹಗ್ಗಾ ಕಟ್ಟಿಕೋ."

ವಿಠ್ಠಲ್ ಒಂದು ಹೆಜ್ಜೆ ಹಿಂದೆ ಸರಿದ. "ವೈನಿ, ಆ ಕಾಗದಾ..."

"ನಿಮ್ಮ ಅಣ್ಣನ ಚಾರ್ಟಿನ ಫೈಲಿನಾಗಿತ್ತು. ಇದೂ ಒಂದು ಚಾರ್ಟೇ ಅಲ್ಲೇನು? ಅವರು ಏನೇನು ಮಾಡಿಸ್ಯಾರ ಅಂತ ನೀನೇ ಬರದಿ. ಅವರು ಮಾಡಿಸಿದಂಗೇ ಮಾಡ್ಸೋಣ."

"ಅದನ್ನ ಬಿಡ್ರಿ, ನಿಮ್ಮ ಕಾಲ ಬೀಳ್ತೀನಿ."

"ಇದರಾಗ ಸುಳ್ಳಿದ್ದದ್ದು ಹೇಳು, ಅದನ್ನ ಬಿಡೋಣ. ನನ್ನ ಮುಂದ ಅಲ್ಲ. ಮನಿಗೆ ನಡಿ, ಅಪ್ಪ ಅವ್ವನ ಮುಂದ ಕುಂತು ಹೇಳು."

ಅವನು ಟಾಯರನ್ನು ಏರಿನ ಬುಡಕ್ಕೆ ಎಳೆದು ತಂದ. ಆಮೇಲೆ ಹಗ್ಗ ಕಟ್ಟಿಕೊಂಡ. ಏಳನೆಯ ಏರಿಗೆ ಮೊಣಕಾಲೂರಿದ, ಹನ್ನೊಂದನೆಯದಕ್ಕೆ ವಾಂತಿ ಮಾಡಿದ. ಅವಳು ನೀರು ಕೊಟ್ಟಳು, ನಾಡಿ ಹಿಡಿದು ಎಣಿಸಿದಳು, ಬರೆದುಕೊಂಡಳು. ಹನ್ನೆರಡನೆಯದು ಎಂದಳು.

ಮೂರು ಗಂಟೆಗೆ ಮನೆಗೆ ಬಂದಾಗ ಲೀಲಾಬಾಯಿ ಬಾಗಿಲಲ್ಲೇ ನಿಂತಿದ್ದರು. ಮಗನ ಸೊಂಟದ ಮೇಲೆ ಹಗ್ಗದ ಬಾಸುಂಡೆ ಕಂಡು ಅವರ ಮುಖ ಬಾಡಿತು.

"ಇದೇನ ಮಾಡಿಸೀ? ಕತ್ತೆಗೂ ಹಿಂಗ ಹೊರಸೂದಿಲ್ಲ."

"ಅವರು ಹಿಂಗೇ ಮಾಡಸ್ತಿದ್ದರಂತಲ್ರಿ ಅತ್ಯಾ."

"ಯಾರಂದ್ರು?"

"ವಿಠ್ಠಲನ್ನ ಕೇಳ್ರಿ."

ವಿಠ್ಠಲ್ ಬಚ್ಚಲಿಗೆ ನಡೆದ. ವಾಸುದೇವ ಅಂಗಳದಿಂದ ಎದ್ದು ಒಳಗೆ ಹೋದರು. ಶ್ರೀವಾಣಿ ಕೈಕಾಲು ತೊಳೆದು ಒಲೆ ಹೊತ್ತಿಸಿ ರೊಟ್ಟಿ ಬಡಿಯತೊಡಗಿದಳು. ತಟ್ಟೆಗೆ ರೊಟ್ಟಿ, ಪುಂಡಿಪಲ್ಯೆ, ಗಟ್ಟಿ ಮೊಸರು, ಮೇಲೆ ಒಂದು ಬಟ್ಟಲು ಮೊಳಕೆ ಬಂದ ಹೆಸರುಕಾಳು. ತತ್ತಿ, ಮಾಂಸ ತಿನ್ನದ ಮನೆಯ ಬೌಲರನಿಗೆಂದು ಧೀರೇಂದ್ರ ಹಾಕಿಕೊಟ್ಟ ರೂಢಿ ಅದು. ಆ ಬಟ್ಟಲು ಅವಳ ಕೈಯಿಂದ ಒಂದು ದಿನವೂ ತಪ್ಪಲಿಲ್ಲ. ಅವನು ದುರ್ಬಲನಾಗಿ ಬೀಳುವುದು ಅವಳಿಗೆ ಬೇಕಿರಲಿಲ್ಲ. ತುಂಬಿದ ಮೈಯವನಾಗಿಯೇ, ಅವನು ಬಾಯಿಬಿಟ್ಟು ನಿಜ ಹೇಳಬೇಕಿತ್ತು.

*

ಎರಡು ವಾರ ಖಣಿ. ಆಮೇಲೆ ಎರಡನೆಯ ಪ್ಯಾರಾ: 'ದಿನಕ್ಕೆ ನೂರಿಪ್ಪತ್ತು ಎಸೆತ, ಒಂದು ದಿನವೂ ಬಿಡುವಿಲ್ಲದೆ.' ಶಾಲೆಯ ಬಯಲಿನಲ್ಲಿ ಗೋಡೆಗೆ ಸುಣ್ಣದಿಂದ ಮೂರು ಗೂಟ ಬರೆದು, ಅವಳು ಒಂದೊಂದೇ ಚೆಂಡು ಎಣಿಸಿ ಕೊಟ್ಟಳು. ಎಂಬತ್ತರ ನಂತರ ಅವನು ಎಡಗಾಲು ಊರಿದಾಗಲೆಲ್ಲ ತುಟಿ ಕಚ್ಚುತ್ತಿದ್ದ. ಅವಳು ಚಾರ್ಟಿನಲ್ಲಿ ಬರೆಯುತ್ತಿದ್ದಳು: ನೋವು ತೊಡೆಯವರೆಗೆ. ಮುಂದಿನ ದಿನ: ನೋವು ಮೊಣಕಾಲಿನವರೆಗೆ. ಅಕ್ಷರ ಗಂಡನಿಗಾಗಿ ಬರೆಯುತ್ತಿದ್ದಾಗಿನಷ್ಟೇ ದುಂಡಗಿತ್ತು.

ಸಂಜೆ ಲೀಲಾಬಾಯಿ ಉಸುಕು ಹುರಿದು, ಗಂಟು ಕಟ್ಟಿ, ಮಗನ ಸೊಂಟಕ್ಕೆ ಕಾವು ಕೊಡುತ್ತಿದ್ದರು. ಒಂದು ದಿನ ಆ ಗಂಟನ್ನು ಸೊಸೆಯ ಮುಂದೆಯೇ ಕುಕ್ಕಿದರು.

"ಬಾಜೂಮನಿ ಗುರುದೇವಿ ಏನಂತಾಳ ಗೊತ್ತದೇನು? ಗಂಡ ಹೋಗಿ ತಿಂಗಳು ಕಳೀತೋ ಇಲ್ಲೋ, ಮೈದುನನ್ನ ಕರಕೊಂಡು ಬಯಲಿಗೆ ತಿರುಗ್ತಾಳ ಅಂತಾಳ."

"ಹೌದೇನ್ರಿ? ಹಂಗಿದ್ರ ಅದನ್ನೂ ಒಂದು ಕಾಗದದಾಗ ಬರದು ಆಫೀಸಿಗೆ ಕೊಡ್ರಿ ಅನ್ರಿ. ನಮ್ಮ ಮನ್ಯಾಗ ಕಾಗದಾ ಭಾಳ ನಡೀತಾವ."

ಲೀಲಾಬಾಯಿ ಗಂಡನ ಕಡೆ ನೋಡಿದರು. ವಾಸುದೇವ ಮಜ್ಜಿಗೆ ಅನ್ನ ಕಲಸುತ್ತಿದ್ದವರು ಕಲಸುತ್ತಲೇ ಇದ್ದರು. ಇತ್ತೀಚೆಗೆ ಅವರು ಎರಡನೆಯ ಸಲ ಏನನ್ನೂ ಬಡಿಸಿಕೊಳ್ಳುತ್ತಿರಲಿಲ್ಲ. ಶ್ರೀವಾಣಿ ಸೌಟು ಹಿಡಿದು ಬಂದರೆ ತಟ್ಟೆಯ ಮೇಲೆ ಕೈ ಅಡ್ಡ ಹಿಡಿಯುತ್ತಿದ್ದರು.

ನಾಲ್ಕನೆಯ ವಾರ ವಿಠ್ಠಲ್ ಬಯಲಿನಲ್ಲೇ ಅಂಗಾತ ಮಲಗಿಬಿಟ್ಟ. ತೊಂಬತ್ತೆರಡು ಚೆಂಡು ಆಗಿದ್ದವು.

"ಏಳು. ಇಪ್ಪತ್ತೆಂಟು ಉಳದಾವ."

"ವೈನಿ, ನನ್ನ ಹೊಡೀರಿ. ಚಪ್ಪಲ್ಲೇ ಹೊಡೀರಿ. ಅಣ್ಣ ನನಗ ಏನೂ ಮಾಡಿಸಿಲ್ಲ. ಮಲಕ್ಕೋ ಅಂದಿದ್ದ, ಅಷ್ಟೇ. ಆಯ್ತಲ್ಲ?"

"ಆಗಲಿಲ್ಲ. ನನಗ ಮೊದಲೇ ಗೊತ್ತಿದ್ದದ್ದು ನನಗ ಹೇಳಿ ಏನು? ಒಳಗ ಕುಂತಾರಲ್ಲ, ಅವರಿಗೆ ಹೇಳು. ತಮ್ಮ ದೊಡ್ಡ ಮಗ ಸಣ್ಣ ಮಗನ ಬೆನ್ನ ಮುರದ ಅಂತ ತಿಳಕೊಂಡೇ ಸುಟ್ಟು ಬಂದಾರ ಅವರು."

ವಿಠ್ಠಲ್ ಕಣ್ಣು ಮುಚ್ಚಿದ. "ಅಪ್ಪಗ ನಾ ಹೊಸದಾಗಿ ಏನು ಹೇಳ್ಲಿ?"

ನಾಚಿಕೆಯಿಂದ ಹಾಗೆನ್ನುತ್ತಾನೆ ಎಂದುಕೊಂಡಳು ಶ್ರೀವಾಣಿ. "ಏಳು," ಎಂದಳು.

*

ಮೂರನೆಯ ಪ್ಯಾರಾಕ್ಕೆ ಕಂಬಿ ಬೇಕಿತ್ತು. 'ಜಿಮ್ಮಿನಲ್ಲಿ ನೂರು ಕಿಲೋ ಭಾರವನ್ನು ನೆಲದಿಂದ ಎತ್ತಲು ಒತ್ತಾಯಿಸಿದರು. ಆಗಲೇ ನನ್ನ ಬೆನ್ನಿನಲ್ಲಿ ಏನೋ ಮುರಿದ ಸದ್ದು ನನಗೇ ಕೇಳಿಸಿತು.' ಕಾರ್ಖಾನೆಯ ಜಿಮ್ಮಿಗೆ ಅವಳು ಹೋಗುವಂತಿರಲಿಲ್ಲ. ಆದರೆ ಹಿತ್ತಲಿನ ತಗಡಿನ ಕೆಳಗೆ ಭಾರ ಎತ್ತುವ ಒಂದು ಕಬ್ಬಿಣದ ಕಂಬಿ, ಎಂಟು ಪ್ಲೇಟುಗಳು ಇದ್ದವು. ಚಳಿಗಾಲದಲ್ಲಿ ಧೀರೇಂದ್ರ, ಗರಡಿ ನಡೆಸುವ ಬಾಬುಮಿಯಾನ ತಾಲೀಮಿನಿಂದ ಕಡ ತಂದು ಇಟ್ಟದ್ದು. ಏಕೆ ತಂದಿರಿ ಎಂದು ಅವಳು ಕೇಳಿರಲಿಲ್ಲ. ಆ ದಿನಗಳಲ್ಲಿ ಇಬ್ಬರೂ ಹೆಚ್ಚು ಮಾತಾಡುತ್ತಿರಲಿಲ್ಲ.

ಪರೀಕ್ಷೆಗೆ ಮೂರು ದಿನ ಉಳಿದ ಭಾನುವಾರ ಬೆಳಿಗ್ಗೆ ಅವಳು ಕಂಬಿಯನ್ನು ಅಂಗಳಕ್ಕೆ ಎಳೆದು ತಂದು ತುಕ್ಕು ಒರೆಸಿದಳು. ಪ್ಲೇಟುಗಳನ್ನು ಒಂದೊಂದಾಗಿ ಹೊತ್ತು ತಂದು ಎರಡೂ ಕಡೆ ನಾಲ್ಕು ನಾಲ್ಕು ಏರಿಸಿದಳು; ಕಂಬಿ ಸೇರಿ ನೂರು ಕಿಲೋ. ಇಂಥ ಬೆನ್ನಿನವನು ಇಷ್ಟು ಭಾರಕ್ಕೆ ಬಗ್ಗಿದರೆ ಏನಾಗುತ್ತದೆ ಎಂದು ಅವಳಿಗೆ ಗೊತ್ತಿತ್ತು. ಎಂ.ಪಿ.ಎಡ್. ಪರೀಕ್ಷೆಯಲ್ಲಿ ಆ ಪ್ರಶ್ನೆಗೆ ಅವಳು ಹತ್ತಕ್ಕೆ ಹತ್ತು ಅಂಕ ಪಡೆದಿದ್ದಳು. ಗೊತ್ತಿದ್ದೇ ಏರಿಸಿದಳು.

"ಅತ್ಯಾ, ಮಾವಾ, ಹೊರಗ ಬರ್ರಿ. ಇವತ್ತು ನೀವೂ ನೋಡ್ರಿ."

ಲೀಲಾಬಾಯಿ ಹಿಟ್ಟಿನ ಕೈಯಲ್ಲೇ ಬಂದರು. ವಾಸುದೇವ ಹೊಸ್ತಿಲಲ್ಲಿ ನಿಂತರು. ಶ್ರೀವಾಣಿ ಕಾಗದ ಬಿಡಿಸಿ ಮೂರನೆಯ ಪ್ಯಾರಾವನ್ನು ಗಟ್ಟಿಯಾಗಿ ಓದಿದಳು. ಓದಿ ವಿಠ್ಠಲನ ಕಡೆ ತಿರುಗಿದಳು.

"ಇದು ಖರೇ ಇದ್ದರ ಎತ್ತು. ಸುಳ್ಳಿದ್ದರ ಅವರಿಗೆ ಹೇಳು. ಎರಡರಾಗ ಒಂದು."

ವಿಠ್ಠಲ್ ತಂದೆಯ ಕಡೆ ನೋಡಿದ. ತಂದೆ ನೆಲ ನೋಡುತ್ತಿದ್ದರು. ಅವನು ಕಂಬಿಯ ಹತ್ತಿರ ಬಂದು ಕಾಲು ಅಗಲಿಸಿ ನಿಂತ. ಅವನು ಹೇಳಿಯೇಬಿಡುತ್ತಾನೆ ಎಂದು ಅವಳು ಐದು ವಾರದಿಂದ ನಂಬಿದ್ದಳು. ಅವನು ಬಗ್ಗಿದ. ಬೆನ್ನು ಬಿಲ್ಲಾಯಿತು. ಕೈಗಳು ಕಬ್ಬಿಣ ಹಿಡಿದವು. ಕತ್ತಿನ ನರ ಉಬ್ಬಿತು.

"ಬ್ಯಾಡ, ಬಿಡು," ಎಂದರು ವಾಸುದೇವ. "ಬಿಡೋ. ಆ ಕಾಗದಾ ನಾ ಬರದದ್ದು."

ವಿಠ್ಠಲನ ಕೈ ಸಡಿಲಿತು. ಅವನು ಹಾಗೇ ಕಂಬಿಯ ಪಕ್ಕ ಕೂತುಬಿಟ್ಟ.

"ಏನಂದ್ರಿ?" ಎಂದಳು ಶ್ರೀವಾಣಿ.

"ನಾ ಬರದು ಕೊಟ್ಟೆ. ಇವ ನೋಡಿ ತನ್ನ ಅಕ್ಷರದಾಗ ಇಳಿಸಿದ. ಇವಗ ನಾಕು ಸಾಲು ನೆಟ್ಟಗ ಬರೀಲಿಕ್ಕೆ ಎಲ್ಲಿ ಬರ್ತದ?"

"ನಾನೇ ಬರೀರಿ ಅಂದೆ," ಎಂದರು ಲೀಲಾಬಾಯಿ. ಅವರ ದನಿಯಲ್ಲಿ ಅಳುಕಿರಲಿಲ್ಲ. "ಧೀರು ಓದ್ಯಾನ. ಎರಡು ಡಿಗ್ರಿ ಅದಾವ. ಇಲ್ಲಿ ಬಿಟ್ಟರ ಇನ್ನೊಂದು ಕಡೆ ಸಿಗ್ತದ ಅಂತ ತಿಳಕೊಂಡ್ವಿ. ಇವ ಎಸ್ಸೆಸ್ಸೆಲ್ಸಿ ಮೂರು ಸಲ ಫೇಲು. ಚೆಂಡು ಬಿಟ್ಟರ ಇವಗ ಏನದ? ಹೊರಗಿನವರ ಮ್ಯಾಲ ಬರದೀವೇನು? ಮನ್ಯಾಗಿಂದು, ಮನ್ಯಾಗೇ ಮುಚ್ಚಿಹೋಗ್ತದ ಅಂತ ಬರಸಿದೆ."

"ಹೆಸರು ಕೆಟ್ಟ ಟ್ರೇನರಗ ಯಾರು ಕೆಲಸಾ ಕೊಡ್ತಾರ್ರಿ?"

"ಅದು ನಮಗ ಹೊಳೀಲಿಲ್ಲ," ಎಂದರು ವಾಸುದೇವ.

ಶ್ರೀವಾಣಿ ಕಾಗದವನ್ನು ಮಡಿಚಿದಳು, ಮತ್ತೆ ಬಿಡಿಸಿದಳು. "ಅವರಿಗೆ ಗೊತ್ತಿತ್ತೇನ್ರಿ?"

ವಾಸುದೇವ ಹೊಸ್ತಿಲ ಮೇಲೆ ಕೂತರು. "ಕಾಗದದ ಪ್ರತಿ ಬಂದ ದಿನಾ ಧೀರು ಊಟಕ್ಕ ನನ್ನ ಬಾಜೂಕೇ ಕುಂತಿದ್ದ. 'ಅಪ್ಪಾ, ಮೂರನೇ ಪ್ಯಾರಾ ಭಾಳ ಛಂದ ಬರದೀರಿ' ಅಂತ ನನ್ನ ಕಿವ್ಯಾಗಷ್ಟೇ ಅಂದ. ಆಮ್ಯಾಲ ಮಜ್ಜಿಗೆ ಹಾಕು ಅಂತ ನಿನ್ನ ಕರದ."

ಆ ಮಜ್ಜಿಗೆಯನ್ನು ಬಡಿಸಿದವಳು ಶ್ರೀವಾಣಿಯೇ. ಆಮೇಲೂ ಮೂರು ತಿಂಗಳು ಅವನು ಅದೇ ಸಾಲಿನಲ್ಲಿ ಕೂತು ಉಂಡಿದ್ದ. ಅವಳಿಗೂ ಹೇಳಿರಲಿಲ್ಲ.

ಅವಳು ಒಳಗೆ ಹೋಗಿ ಮಾವನ ಪೆನ್ನು, ಪ್ಯಾಡು, ಎರಡು ಹಾಳೆ ತಂದು ಅವರ ಮುಂದಿಟ್ಟಳು.

"ಬರೀರಿ. ಮೊದಲನೇದು ಹ್ಯಾಂಗ ಛಂದ ಬರದಿದ್ದಿರೋ ಹಂಗೇ. ಯಾರು ಬರದ್ರು, ಯಾರು ಬರಸಿದ್ರು, ಯಾರು ಇಳಿಸಿದ್ರು. ಮೂವರೂ ಸಹಿ ಮಾಡ್ರಿ."

"ಇದನ್ನ ಕೊಟ್ಟರ ಇವನ ಕರಾರು ಹೋಗ್ತದ," ಎಂದರು ಲೀಲಾಬಾಯಿ.

"ಹೌದ್ರಿ."

"ಇದರಿಂದ ಅವ ತಿರುಗಿ ಬರ್ತಾನೇನು?"

"ಇಲ್ರಿ."

"ಮತ್ತ ಯಾಕ, ವಾಣಿ? ಇವನ ಅನ್ನಕ್ಕ ಯಾಕ ಕೈ ಹಾಕ್ತಿ? ನೀನೂ ಇದೇ ಅನ್ನಾ ಉಣ್ಣಾಕಿ."

"ನಾ ಇನ್ನ ಇಲ್ಲಿ ಉಣ್ಣೂದಿಲ್ರಿ. ಸಹಿ ಮಾಡದಿದ್ದರ ಅವ ಎತ್ತಲಿ. ಇನ್ನೂ ಭಾರ ಇಳಿಸಿಲ್ಲ ನಾ."

ವಿಠ್ಠಲನೇ ಮೊದಲು ಕೈ ಚಾಚಿದ. "ಬರೀರಿ ಅಪ್ಪಾ. ಸಾಕು."

ವಾಸುದೇವ ಅರ್ಧ ತಾಸು ಬರೆದರು. ಒಂದು ಪದವನ್ನೂ ಹೊಡೆದುಹಾಕಲಿಲ್ಲ.

*

ಸೋಮವಾರ ಶ್ರೀವಾಣಿ ಬಸ್ಸು ಹಿಡಿದು ವಾಡಿಯ ಆಚೆಗೆ ಹೋಗಿ, ಕಾರ್ಖಾನೆಯ ಆಫೀಸಿನಲ್ಲಿ ಪತ್ರ ಕೊಟ್ಟು, ನಕಲಿನ ಮೇಲೆ ಮುದ್ರೆ ಹಾಕಿಸಿಕೊಂಡಳು. ಮಂಗಳವಾರ ಆಫೀಸಿನ ಜವಾನ ಬಂದು, ನಾಳೆ ವಿಠ್ಠಲ್ ಪರೀಕ್ಷೆಗೆ ಬರುವ ಕಾರಣವಿಲ್ಲ ಎಂದು ಹೇಳಿ ಲಕೋಟೆ ಕೊಟ್ಟುಹೋದ. ಹತ್ತು ದಿನದ ಮೇಲೆ ಅವಳ ಹೆಸರಿಗೆ ಇನ್ನೊಂದು ಲಕೋಟೆ ಬಂತು. ಧೀರೇಂದ್ರನನ್ನು ತಪ್ಪು ಮಾಹಿತಿಯ ಮೇಲೆ ತೆಗೆಯಲಾಗಿತ್ತು ಎಂದು ದಾಖಲೆಯಲ್ಲಿ ತಿದ್ದಿದ್ದೇವೆ ಎಂಬ ಎರಡು ಸಾಲು. ಅವಳು ಅದನ್ನು ನಿಂತೇ ಓದಿ, ಚಾರ್ಟಿನ ಫೈಲಿನಲ್ಲಿ ಎಲ್ಲಕ್ಕೂ ಮೇಲೆ ಇಟ್ಟಳು.

ಆ ಮನೆಯಲ್ಲಿ ಈಗ ಎರಡು ಒಲೆ. ಲೀಲಾಬಾಯಿ ತಾವು ಮೂವರಿಗೆ ಬೇರೆ ಮಾಡುತ್ತಿದ್ದರು, ಸೊಸೆಯ ಜೊತೆ ಮಾತು ನಿಲ್ಲಿಸಿದ್ದರು. ಶ್ರೀವಾಣಿಗೆ ಚಿತ್ತಾಪುರದ ಹೆಣ್ಣುಮಕ್ಕಳ ಶಾಲೆಯಲ್ಲಿ ಕೆಲಸ ಸಿಕ್ಕಿತ್ತು. ಟ್ರಂಕು ಕಟ್ಟಿದ ದಿನ ವಾಸುದೇವ ಒಬ್ಬರೇ ಹತ್ತಿರ ಬಂದರು.

"ಆ ಕಂಬಿ ಬಾಬುಮಿಯಾಂದು. ಕೊಟ್ಟು ಹೋಗವ್ವ. ನಮಗ ಅದನ್ನ ನೋಡ್ಲಿಕ್ಕೆ ಆಗೂದಿಲ್ಲ."

ಅವಳು ಆಟೋ ಕರೆಸಿದಳು. ಎತ್ತಿ ಇಡಲು ವಿಠ್ಠಲ್ ಎದ್ದು ಬಂದ; ಕೈ ಅಡ್ಡ ಹಿಡಿದು ಅವನನ್ನು ಹಿಂದೆ ಸರಿಸಿ, ಒಂದೊಂದನ್ನೂ ತಾನೇ ಹೊತ್ತು ಇಟ್ಟಳು.

ಬಾಬುಮಿಯಾನ ತಾಲೀಮು ಸ್ಟೇಷನ್ನಿನ ಹಿಂದೆ. ಬೆಳಗಿನ ಹುಡುಗರೆಲ್ಲ ಹೋಗಿದ್ದರು. ಮುದುಕ ಒಬ್ಬನೇ ಕೆಮ್ಮಣ್ಣಿನ ಅಖಾಡಕ್ಕೆ ನೀರು ಚಿಮುಕಿಸುತ್ತಿದ್ದ. ಆಟೋ ನೋಡಿ ಚೊಂಬು ಇಟ್ಟು ಬಂದ.

"ಕುಂದ್ರಿ ಬಾಯಾರ. ಇದಕ್ಕ ಯಾಕ ತಕಲೀಫ ತಗೊಂಡ್ರಿ? ಒಂದು ಮಾತು ಕಳಿಸಿದ್ರ ನಾನೇ ಬರ್ತಿದ್ದೆ."

"ಅವರು ಒಯ್ದದ್ದು. ಕೊಡಬೇಕಲ್ರಿ."

"ಪ್ಲೇಟು ಬ್ಯಾಡ ಅಂದ್ರು ಮಾಸ್ತರ. ಖಾಲಿ ಕಂಬಿ ಸಾಕು ಅಂದ್ರು. ನಾನೇ ಇರಲಿ ಒಯ್ರಿ ಅಂತ ಗಾಡ್ಯಾಗ ಹಾಕಿದೆ."

ಶ್ರೀವಾಣಿ ಕೈಯಲ್ಲಿದ್ದ ಪ್ಲೇಟನ್ನು ಕೆಳಗಿಟ್ಟಳು. "ಖಾಲಿ ಕಂಬಿ ಯಾಕಂತ?"

"ತಮ್ಮಗ. ಬೆನ್ನ ಸುಧಾರಿಸಿದ ಮ್ಯಾಲ ಖಾಲಿ ಕಂಬಿಲಿಂದ ಹಗೂರಕ ಶುರು ಮಾಡಸ್ತೀನಿ, ಒಂದು ವರ್ಷದಾಗ ಮೊದಲಿನಕಿಂತ ಜೋರ ಬೌಲಿಂಗ್ ಮಾಡ್ತಾನ ನೋಡ್ರಿ ಅಂದ್ರು. ಫ್ಯಾಕ್ಟರಿಯವರು ತೆಗದ ಮರುದಿನಾನೇ ಬಂದಿದ್ರು. ನನಗೇ ಅಜಬ ಆಯ್ತು."

ಹೊರಗೆ ಫರ್ಸಿ ತುಂಬಿದ ಗೂಡ್ಸ್ ಗಾಡಿ ಬಹಳ ಹೊತ್ತು ಹಾದುಹೋಯಿತು. ಆಮೇಲೆ ಅವಳು ಕಂಬಿಯನ್ನು ಎರಡೂ ಕೈಯಿಂದ ಎತ್ತಿ, ಗೋಡೆಯ ಖಾಲಿ ಗೂಟಗಳ ಮೇಲೆ ನೇರವಾಗಿ ಇಟ್ಟಳು.

"ತಮ್ಮ ಈಗ ಹ್ಯಾಂಗದಾರ್ರಿ?" ಎಂದ ಬಾಬುಮಿಯಾ.

"ಆರಾಮ ಅದಾನ್ರಿ," ಎಂದಳು ಶ್ರೀವಾಣಿ ಅಂಗೈಯ ತುಕ್ಕು ಒರೆಸಿಕೊಳ್ಳುತ್ತ. "ಇನ್ನ ಆಡೂದಿಲ್ಲ."